ಹೋಗಿ ಬರುವಷ್ಟು ದೂರ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಆಕಾಶಮಾರ್ಗದಲ್ಲಿ ಸುಮಾರು 14,000 ಕಿಲೋಮೀಟರ್. ನೇರ ವಿಮಾನವಾದರೆ ಹದಿನಾರು, ಹದಿನೇಳು ಗಂಟೆಯ ಹಾದಿ. ಎರಡು ಊರುಗಳ ಹೆಸರು ಕೊಟ್ಟರೆ ಸಾಕು, ಕಂಪ್ಯೂಟರ್ ಈ ಲೆಕ್ಕವನ್ನು ಕ್ಷಣದಲ್ಲಿ ಮುಂದಿಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಪಿಎಚ್‌.ಡಿ. ಮಾಡುತ್ತಿರುವ ನನಗೆ ಆಗಾಗ ಈ ಲೆಕ್ಕ ತೆಗೆದು ನೋಡುವುದೊಂದು ಚಟ.

ಗೋಡೆಯ ಭೂಪಟದಲ್ಲಿ ಈ ಎರಡು ಊರುಗಳು ದೂರ ದೂರದ ಅಂಚುಗಳಲ್ಲಿವೆ. ಗೋಳದ ಮೇಲೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಉತ್ತರ ಧ್ರುವದ ಹತ್ತಿರ ಹಾದುಹೋಗುತ್ತದೆ. ಅದೇ ಹತ್ತಿರದ ದಾರಿ. ಆದರೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಬೆನ್ನಿಗಿದ್ದರೆ ಬಳಸುದಾರಿಯೇ ಬೇಗ ಮುಟ್ಟಿಸುವುದೂ ಉಂಟು.

2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳು ಧ್ರುವದ ಮೇಲಿನಿಂದಲೇ ತಂದರು. ಇಲ್ಲಿ 9ರ ರಾತ್ರಿ ಹತ್ತಿದವರು ಬೆಂಗಳೂರಿನಲ್ಲಿ ಇಳಿದದ್ದು 11ರ ನಸುಕಿನಲ್ಲಿ. ನಡುವಿನ ಒಂದು ದಿನ ಅವರ ಪಾಲಿಗೆ ನೆಲದ ಮೇಲೆ ಇರಲೇ ಇಲ್ಲ. ಆ ಕಡೆಯಿಂದ ಬರುವವರಿಗೆ ಇದು ತಿರುಗುಮುರುಗು: ಮಧ್ಯಾಹ್ನ ಹೊರಟರೆ ಅದೇ ದಿನ ಸಂಜೆ ಇಲ್ಲಿ. ಗಡಿಯಾರದ ಮಟ್ಟಿಗೆ ಮೂರು ನಾಲ್ಕು ಗಂಟೆ ಅಷ್ಟೇ.

ಕೊಪ್ಪದ ಬಳಿ ಇರುವ ಅಜ್ಜಿಗೆ ಇದನ್ನು ಫೋನಿನಲ್ಲಿ ವಿವರಿಸಿದೆ. ಬೆಂಗಳೂರಿನಲ್ಲಿ ಇಳಿದು ಬಸ್ಸು ಹತ್ತಿ, ಕಾಯುವುದೆಲ್ಲ ಸೇರಿ ನಮ್ಮ ಮನೆ ಬಾಗಿಲಿಗೆ ಒಂದೂವರೆ ದಿನ ಎಂದೆ.

"ಅಷ್ಟೇಯಾ? ಮಳೆಗಾಲದಲ್ಲಿ ಹೊಳೆ ಇಳೀದೆ ಇದ್ರೆ ತವರಿಗೆ ಹೋಗೂಕೆ ನಂಗೆ ನಾಲ್ಕು ದಿನ ಆಗ್ತಿತ್ತು. ಹಂಗಾದ್ರೆ ದೂರ ಎಂತದೂ ಅಲ್ಲ ಬಿಡು. ಯಾವಾಗ ಬರ್ತೀಯ ಪುಟ್ಟಿ?"

ನನ್ನ ಬಳಿ ಉತ್ತರ ಇರಲಿಲ್ಲ. ಐದು ವರ್ಷದ ವೀಸಾ ಮುಗಿದಿದೆ. ಇಲ್ಲೇ ಇದ್ದು ಓದು ಮುಂದುವರಿಸುವುದಕ್ಕೆ ಅಡ್ಡಿಯಿಲ್ಲ. ಒಮ್ಮೆ ದೇಶ ಬಿಟ್ಟರೆ ಮಾತ್ರ ಹೊಸ ವೀಸಾ ಆಗದೆ ವಾಪಸು ಬರುವಂತಿಲ್ಲ. ಅದಕ್ಕೆ ಸಂದರ್ಶನದ ದಿನ ಸಿಗಬೇಕು, ಅದು ಸರಿಯಾಗಿ ಮುಗಿಯಬೇಕು, ಪಾಸ್‌ಪೋರ್ಟ್ ಕೈಗೆ ಬರಬೇಕು. ಇಷ್ಟಕ್ಕೂ ಎಷ್ಟು ದಿನವೆಂದು ಯಾವ ಕಂಪ್ಯೂಟರೂ ಲೆಕ್ಕ ಹಾಕಿ ಕೊಡುವುದಿಲ್ಲ. ಪ್ರಬಂಧ ಇನ್ನೂ ಎರಡು ಅಧ್ಯಾಯ ಬಾಕಿ. ಕಳೆದ ದೀಪಾವಳಿಗೆ ಅಂಗಳದಲ್ಲಿ ಜಾರಿ ಬಿದ್ದ ಅಜ್ಜಿ ಈಗ ಕೋಲಿಲ್ಲದೆ ಏಳುವುದಿಲ್ಲ.

ನಮ್ಮಲ್ಲಿ ಮನೆಯಿಂದ ಹೊರಡುವವರು "ಹೋಗ್ತೀನಿ" ಎನ್ನುವುದಿಲ್ಲ, "ಹೋಗಿ ಬರ್ತೀನಿ" ಎನ್ನುತ್ತಾರೆ. ಬಾಯಿತಪ್ಪಿ ಹೇಳಿದರೆ ಹಿರಿಯರು ಅಲ್ಲೇ ತಡೆದು ತಿದ್ದುತ್ತಾರೆ. ಅದನ್ನು ಬರಿಯ ಶಾಸ್ತ್ರ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಅದು ನಮ್ಮ ಜನರ ಅಳತೆಗೋಲು. ಎಷ್ಟು ಮೈಲಿ ಎನ್ನುವುದು ಅವರಿಗೆ ಆಮೇಲಿನ ಮಾತು. ಹೋದವರು ತಿರುಗಿ ಬರುವ ಹಾಗಿದೆಯೇ ಎನ್ನುವುದು ಮೊದಲನೆಯದು. ಹೊಳೆ ಇಳಿಯುವವರೆಗೆ ದಡದಲ್ಲಿ ಕೂತ ಅಜ್ಜಿಗೂ ನನಗೂ ಇರುವ ವ್ಯತ್ಯಾಸ ಒಂದೇ: ಆಕೆಗೆ ನೀರು ಕಣ್ಣೆದುರೇ ಇತ್ತು, ಇಳಿಯುವುದು ಕಾಣುತ್ತಿತ್ತು.

ಈ ವಾರ ವೀಸಾ ಅರ್ಜಿ ತುಂಬಲು ಕೂತಿದ್ದೇನೆ. ಅಧ್ಯಾಯಗಳನ್ನು ಅಜ್ಜಿಯ ಜಗುಲಿಯಲ್ಲೂ ಬರೆಯಬಹುದೇ ಎಂದು ಕೇಳಿದ್ದಕ್ಕೆ ನನ್ನ ಗೈಡ್ ಒಪ್ಪಿದ್ದಾರೆ. ದಿನ ಗೊತ್ತಾಗುವ ಮೊದಲು ಟಿಕೆಟ್ ನೋಡಬೇಡ ಎನ್ನುತ್ತಾಳೆ ರೂಮ್‌ಮೇಟ್. ನಾನು ನೋಡುತ್ತಲೇ ಇದ್ದೇನೆ.