ರಾಯಚೂರಿನಲ್ಲಿ ಕೊನೆಯ ಒಂದು ದಿನ

ರಾಯಚೂರು ಎಂದೊಡನೆ ನೆನಪಾಗುವುದು ಬಿಸಿಲು ಮತ್ತು ಶಕ್ತಿನಗರದ ವಿದ್ಯುತ್ತು. ಮುಂಬಯಿ, ಮದರಾಸು ಕಡೆಯ ರೈಲು ಹಳಿಗಳು 1871ರಲ್ಲಿ ಕೂಡಿದ್ದು ಇಲ್ಲಿಯೇ ಆದರೂ, ಇಳಿದು ಊರು ನೋಡುವವರು ಕಡಿಮೆ.

ಪಿಯುಸಿ ಮುಗಿಸಿದ ಯುವಕನೊಬ್ಬ ಮನೆಯವರನ್ನು ಒಪ್ಪಿಸಿ ಒಬ್ಬನೇ ಬಂದಿದ್ದ. ಮೊದಲ ದಿನ ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಹಳೆಯ ಗುಡಿಗಳು. ಎರಡನೆಯ ದಿನ ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರ ಮಾನ್ವಿ. ಉಳಿದದ್ದು ಒಂದೇ ದಿನ. ರೈಲು ರಾತ್ರಿಗೆ. ಅವಸರವಿಲ್ಲ.

ಬೆಳಿಗ್ಗೆ ಮಂಡಾಳ ಒಗ್ಗರಣಿ, ಮಿರ್ಚಿ ತಿಂದು ಆತ ಮೊದಲು ಗುಡ್ಡ ಹತ್ತಿದ. ಬಯಲಿನಿಂದ ಸುಮಾರು 290 ಅಡಿ ಎತ್ತರದ ಈ ಬಂಡೆಗುಡ್ಡದ ಮೇಲೆ ಬಾಲಾ ಹಿಸಾರ್ ಇದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ಫಲವತ್ತಾದ ದೋಆಬಿಗಾಗಿ ವಿಜಯನಗರದ ಅರಸರೂ ಬಹಮನಿ, ಆದಿಲ್‌ಶಾಹಿ ಸುಲ್ತಾನರೂ ಮತ್ತೆ ಮತ್ತೆ ಕಾದಾಡಿದರು. ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿದ ಸಾಲು ಇಲ್ಲಿ ನಿಂತಾಗ ತಾನಾಗಿ ಅರ್ಥವಾಗುತ್ತದೆ.

ಇಳಿದು ಬಂದರೆ ಏಕ್ ಮಿನಾರ್ ಮಸೀದಿ. 1513ರಲ್ಲಿ ಕಟ್ಟಿದ್ದು. ಹೆಸರೇ ಹೇಳುವಂತೆ ಒಂದೇ ಮಿನಾರು, ಸುಮಾರು 65 ಅಡಿ ಎತ್ತರ.

ಕೋಟೆಯ ಒಳಗೋಡೆಯ ಬಳಿ ಹತ್ತು ವರ್ಷದ ಹುಡುಗನೊಬ್ಬ ಜೊತೆಯಾದ.

“ಅಣ್ಣಾ, ಯಾವೂರ್ರಿ? ಬರ್ರಿ, ನನ್ನ ಹೆಸರು ತೋರಸ್ತೀನಿ.”

ಗೋಡೆಯ ಮೇಲೆ ಇದ್ದಿಲಿನಲ್ಲಿ ಹೆಸರು ಬರೆದಿತ್ತು. ಪಕ್ಕದಲ್ಲಿ ಇನ್ನೂ ಹತ್ತಾರು ಹೆಸರುಗಳು. ಕೆಲವನ್ನು ಮೊಳೆಯಿಂದ ಕೆತ್ತಿದ್ದರು. ಯುವಕ ಬೈಯಲಿಲ್ಲ. “ಇದಕ್ಕಿಂತ ಹಳೇ ಬರಹ ಒಂದಿದೆಯಂತೆ ತಮ್ಮಾ. ಹುಡುಕೋಣ ಬಾ” ಎಂದ.

ಪಶ್ಚಿಮ ಭಾಗದಲ್ಲಿ ಅದು ಸಿಕ್ಕಿತು. ಗೋಡೆಯಲ್ಲಿ ಕೂಡಿಸಿದ, 41 ಅಡಿಗೂ ಉದ್ದವಾದ ಒಂದೇ ಕಲ್ಲು. ಅದರ ಮೇಲಿನ ತೆಲುಗು ಶಾಸನದ ಪ್ರಕಾರ ಕಾಕತೀಯರ ಕಾಲದಲ್ಲಿ, 1294ರಲ್ಲಿ, ವಿಠಲನಾಥನು ಈ ಕೋಟೆ ಕಟ್ಟಿಸಿದ. ಗಾರೆಯಿಲ್ಲದೆ, ಕಲ್ಲಿಗೆ ಕಲ್ಲು ಹೊಂದಿಸಿಯೇ ಗೋಡೆ ಎದ್ದಿದೆ.

“ಇಷ್ಟ್ ದೊಡ್ಡ ಕಲ್ಲು ಹೆಂಗ ತಂದ್ರಣ್ಣಾ?”

ಒಳ್ಳೆಯ ಪ್ರಶ್ನೆ. ಅಗಲ, ದಪ್ಪ ಒಂದೊಂದೇ ಅಡಿ ಎಂದು ಹಿಡಿದರೂ ಅಷ್ಟು ಉದ್ದದ ಗ್ರಾನೈಟ್ ಕಲ್ಲಿನ ತೂಕ ಮೂರು ಟನ್ ದಾಟುತ್ತದೆ. ಈ ಕಲ್ಲಿನ ಅಗಲ ಅದಕ್ಕಿಂತ ಬಹಳ ಹೆಚ್ಚು. ಉತ್ತರವನ್ನು ಕಟ್ಟಿದವರೇ ಗೋಡೆಯ ಮೇಲೆ ಗೀರಿ ಇಟ್ಟಿದ್ದಾರೆ. ಅರೆಗಳಿಲ್ಲದ ಗಟ್ಟಿ ಗಾಲಿಗಳ ಬಂಡಿ, ಎಳೆಯುವ ಕೋಣಗಳ ಉದ್ದನೆಯ ಸಾಲು, ಹುರಿದುಂಬಿಸುವ ಆಳುಗಳು, ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವವರು. ಕೋಲು ಉದ್ದವಾದಷ್ಟೂ ಕಡಿಮೆ ಬಲಕ್ಕೆ ಹೆಚ್ಚು ಭಾರ ಕದಲುತ್ತದೆ ಎಂಬ ತರಗತಿಯ ಪಾಠ ಇಲ್ಲಿ ಏಳು ಶತಮಾನಗಳಿಂದ ಬಯಲಲ್ಲೇ ನಿಂತಿದೆ.

ಹುಡುಗ ಕೋಣಗಳನ್ನು ಎಣಿಸತೊಡಗಿದ. ಪ್ರತಿ ಸಲವೂ ಲೆಕ್ಕ ಬೇರೆ ಬಂತು. ಗೆರೆಗಳು ಅಷ್ಟು ತೆಳು.

ಅದೇ ಸನ್ನೆಯ ತತ್ವ ಕೋಟೆಯನ್ನು ಬೀಳಿಸಲೂ ಬಂತು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಕೋಟೆ ಹಿಡಿದುದನ್ನು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ವರ್ಣಿಸಿದ್ದಾನೆ. ಕ್ರಿಸ್ಟೋವಾವ್ ದೆ ಫಿಗೆರೆಡೊನ ಬಂದೂಕುಗಾರರು ಗೋಡೆಯ ಮೇಲಿದ್ದವರನ್ನು ಗುಂಡಿಟ್ಟು ಹಿಮ್ಮೆಟ್ಟಿಸುತ್ತಿದ್ದರೆ, ಕೆಳಗೆ ಸೈನಿಕರು ಹಾರೆಗಳಿಂದ ಕಲ್ಲು ಮೀಟುತ್ತಿದ್ದರು.

ಮುತ್ತಿಗೆಗಳನ್ನು ದಾಟಿ ಉಳಿದ ಈ ಗೀರುಚಿತ್ರಕ್ಕೆ ಇಂದು ಶತ್ರು ಫಿರಂಗಿಯಲ್ಲ. ಒಂದು ಮೊಳೆ, ಒಂದು ಹೆಸರು ಸಾಕು.

ಸಂಜೆ ಯುವಕ ನಿಲ್ದಾಣಕ್ಕೆ ಹೊರಟಾಗ ಹುಡುಗ ತನ್ನ ಹೆಸರಿದ್ದ ಗೋಡೆಯ ಬಳಿ ನಿಂತು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದ. ಇದ್ದಿಲು ಅರ್ಧ ಹೋಗಿತ್ತು. ಮೊಳೆಯಿಂದ ಕೆತ್ತಿದ ಹೆಸರುಗಳು ಮಾತ್ರ ಹಾಗೆಯೇ ಇದ್ದವು.

ಹೋಗುವವರಿಗೆ: ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತ. ಗುಡ್ಡವನ್ನು ಬೆಳಿಗ್ಗೆಯೇ ಹತ್ತುವುದು ಒಳ್ಳೆಯದು. ಮಾನ್ವಿ, ದೇವದುರ್ಗಗಳಿಗೆ ರಾಯಚೂರಿನಿಂದ ಬಸ್ಸುಗಳಿವೆ. ಮಕ್ಕಳನ್ನು ಕರೆದೊಯ್ಯುವ ಪಾಲಕರು ನೀರಿನ ಬಾಟಲಿಯ ಜೊತೆ ಒಂದು ಅಳತೆ ಟೇಪನ್ನೂ ಇಟ್ಟುಕೊಳ್ಳಲಿ.