ಗಿಡ ನೆಡೋದಕ್ಕೂ ಡಿಗ್ರಿ ಬೇಕಾ?

ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಅಂದ ಕೂಡಲೇ ನಮ್ಮಂಥ ಅಪಾರ್ಟ್‌ಮೆಂಟ್ ವಾಸಿಗಳ ಕಣ್ಣೆದುರು ಬರೋದು ಗೇಟಿನ ಎರಡೂ ಬದಿ ನಿಂತ ತಾಳೆ ಗಿಡಗಳು, ಕ್ಲಬ್‌ಹೌಸಿನ ಮುಂದೆ ಚಾಪೆ ಹಾಸಿದಂಥ ಮೆಕ್ಸಿಕನ್ ಹುಲ್ಲು, ಅದರ ಮೇಲೆ ಕಾಲಿಡಬೇಡಿ ಅನ್ನೋ ಬೋರ್ಡು. ಇಷ್ಟಕ್ಕೆ ಐದು ವರ್ಷ ಆರ್ಕಿಟೆಕ್ಚರ್, ಅದರ ಮೇಲೆ ಎರಡು ವರ್ಷ ಮಾಸ್ಟರ್ಸ್ ಓದಬೇಕಾ ಅಂತ ಕೇಳುವವರು ಬಹಳ ಜನ.

ನನ್ನ ಗೆಳತಿಯೊಬ್ಬಳು ಬೆಂಗಳೂರಲ್ಲಿ ಎಂಟು ವರ್ಷದಿಂದ ಇದೇ ಕೆಲಸದಲ್ಲಿದ್ದಾಳೆ. ಮದುವೆಮನೆಯಲ್ಲಿ ಯಾರಾದರೂ ಏನು ಮಾಡ್ಕೊಂಡಿದ್ದೀಯ ಅಂತ ಕೇಳಿ, ಉತ್ತರ ಕೇಳಿಸಿಕೊಂಡ ಮೇಲೆ "ಓ, ಗಾರ್ಡನಿಂಗಾ?" ಅನ್ನೋದು ಖಾಯಂ. "ನಮ್ಮ ಬಾಲ್ಕನಿ ಗುಲಾಬಿ ಯಾಕೋ ಹೂ ಬಿಡ್ತಿಲ್ಲ, ನೋಡಮ್ಮಾ" ಅನ್ನೋದು ಅದರ ಮುಂದಿನ ಮಾತು. ಸಾಫ್ಟ್‌ವೇರ್‌ನವರನ್ನ ಪ್ರಿಂಟರ್ ರಿಪೇರಿಗೆ ಕರೀತಾರಲ್ಲ, ಹಾಗೆ.

ಅವಳ ದೊಡ್ಡ ದೂರು ಅದಲ್ಲ. ತನ್ನನ್ನ ಎಲ್ಲರಿಗಿಂತ ಕೊನೆಗೆ ಕರೀತಾರೆ ಅನ್ನೋದು. ಕಟ್ಟಡ ಎಲ್ಲಿ, ರಸ್ತೆ ಎಲ್ಲಿ, ಸೆಪ್ಟಿಕ್ ಟ್ಯಾಂಕ್ ಎಲ್ಲಿ ಅಂತೆಲ್ಲ ನಿರ್ಧಾರ ಆಗಿ, ಇದ್ದ ಮರ ಉರುಳಿ, ಮೇಲ್ಮಣ್ಣು ಲಾರಿಯಲ್ಲಿ ಹೋಗಿ, ಸಿಮೆಂಟು-ಜಲ್ಲಿ ಬೆರೆತ ನೆಲ ಮಾತ್ರ ಉಳಿದಾಗ ಫೋನು ಬರುತ್ತದೆ. "ಮೇಡಂ, ಮುಂದಿನ ತಿಂಗಳು ಗೃಹಪ್ರವೇಶ. ಸ್ವಲ್ಪ ಹಸಿರು ಮಾಡಿಕೊಡಿ." ಪ್ರೊಡಕ್ಷನ್‌ಗೆ ಹೋದ ಮೇಲೆ ಟೆಸ್ಟರನ್ನ ಕರೆದ ಹಾಗೆ. ದುಡ್ಡಿನ ಕಥೆಯೂ ಅಷ್ಟೆ. ಒಳಗೆ ಇಟಾಲಿಯನ್ ಮಾರ್ಬಲ್ಲಿಗೆ ಖರ್ಚು ಜಾಸ್ತಿಯಾದರೆ ಕಡಿತ ಆಗೋದು ಹೊರಗಿನ ಮಣ್ಣಿನ ಬಜೆಟ್ಟಿನಲ್ಲಿ. ಅವಳು ಪಟ್ಟಿಯಲ್ಲಿ ಹೊಳೆದಾಸವಾಳ, ಸುರಗಿ, ಸೀತಾ ಅಶೋಕ ಅಂತ ಬರೆದು ಕೊಟ್ಟರೆ, ಕಂಟ್ರ್ಯಾಕ್ಟರು "ನರ್ಸರೀಲಿ ಸಿಗಲಿಲ್ಲ ಮೇಡಂ" ಅಂತ ಮತ್ತದೇ ತಾಳೆ ತಂದು ನಿಲ್ಲಿಸಿರುತ್ತಾನೆ.

ಇನ್ನೊಂದು ಕಷ್ಟ ಕಾಲದ್ದು. ಕಟ್ಟಡ ಅತಿ ಚಂದ ಕಾಣೋದು ಉದ್ಘಾಟನೆಯ ದಿನ. ಇವಳ ಕೆಲಸ ಅತಿ ಕೆಟ್ಟದಾಗಿ ಕಾಣೋದೂ ಅದೇ ದಿನ: ಕೋಲಿಗೆ ಕಟ್ಟಿದ ಸಸಿ, ಬೋಳು ಮಣ್ಣು. ಅದು ಮರವಾಗೋ ಹೊತ್ತಿಗೆ ಹತ್ತು ಹದಿನೈದು ವರ್ಷ. ಲಾಲ್‌ಬಾಗನ್ನ 1908ರಿಂದ 1932ರವರೆಗೆ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್, ಒಂದರ ಹೂ ಉದುರುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದರು. ಇವತ್ತು ಬಣ್ಣದ ಮರದ ಕೆಳಗೆ ಫೋಟೊ ತೆಗೆಸಿಕೊಳ್ಳುವ ನಮ್ಮಲ್ಲಿ ಎಷ್ಟೋ ಜನಕ್ಕೆ ಆ ಹೆಸರು ಗೊತ್ತಿಲ್ಲ. ಕೆಲಸ ಚೆನ್ನಾಗಿ ಆದರೆ, ಅದು ಯಾರೋ ಮಾಡಿದ್ದು ಅಂತಲೇ ಅನ್ನಿಸೋದಿಲ್ಲ.

ಕಾನೂನಿನಲ್ಲೂ ಇವರದ್ದು ತ್ರಿಶಂಕು ಸ್ಥಿತಿ. 1972ರ ಆರ್ಕಿಟೆಕ್ಟ್ಸ್ ಆಕ್ಟ್ ಪ್ರಕಾರ ಕೌನ್ಸಿಲ್‌ನಲ್ಲಿ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಅಂತ ಹೆಸರು ಹಾಕಿಕೊಳ್ಳುವ ಹಾಗಿಲ್ಲ. ಆದರೆ ಅದೇ ಕಾಯ್ದೆಯ 37ನೇ ಸೆಕ್ಷನ್ 'ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್' ಮತ್ತು ಹಡಗು ವಿನ್ಯಾಸದ 'ನೇವಲ್ ಆರ್ಕಿಟೆಕ್ಟ್' ಇಬ್ಬರನ್ನೂ ಆ ನಿರ್ಬಂಧದಿಂದ ಹೊರಗಿಟ್ಟಿದೆ. ಅಂದರೆ ಹೂವಿನ ಕುಂಡ ಮಾರುವವರೂ ಅದೇ ಬೋರ್ಡು ಹಾಕಿಕೊಳ್ಳಬಹುದು. ವೃತ್ತಿಯವರದ್ದೇ ಸಂಘ 'ಐಸೋಲಾ' ಹುಟ್ಟಿದ್ದು 2003ರಲ್ಲಿ.

ಇದೆಲ್ಲ ಕಾಫಿ ಟೇಬಲ್ಲಿನ ಹರಟೆಯಾಗೇ ಉಳೀತಿತ್ತೇನೋ. ಅಷ್ಟರಲ್ಲಿ ನನ್ನ ಅಜ್ಜನಮನೆಯಲ್ಲಿ ಹೋಮ್‌ಸ್ಟೇ ಮಾತು ಶುರುವಾಯ್ತು.

ನನ್ನೂರು ಶಿರಸಿ ಹತ್ತಿರ. ಅಜ್ಜನಮನೆ ಸಿದ್ದಾಪುರ ತಾಲ್ಲೂಕು. ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ಮಧ್ಯೆ ಮನೆ, ಮೇಲೆ ಬೇಣ. ಬೇಣ ಅಂದರೆ ಕರಡ ಹುಲ್ಲು ಬೆಳೆಯೋ ಗುಡ್ಡದ ಬಯಲು. ನಮ್ಮ ಮಾವನ ಮಗ, ನನಗೆ ಭಾವ, ಪಿಯುಸಿ ಮುಗಿಸಿ ತೋಟವನ್ನೇ ನೆಚ್ಚಿಕೊಂಡವನು. ಕೊಳೆರೋಗ ಬಂದ ವರ್ಷ ಅಡಿಕೆ ಕೈ ಕೊಡತ್ತೆ, ಕೊನೆ ಕೊಯ್ಯೋದಕ್ಕೆ ಜನ ಸಿಗಲ್ಲ, ಜೋಗ, ಉಂಚಳ್ಳಿ ನೋಡೋಕೆ ಬರೋ ಕಾರುಗಳು ಮಾತ್ರ ಹೆಚ್ಚಾಗ್ತಾ ಇವೆ. ಅವನ ಲೆಕ್ಕ ತಪ್ಪು ಅನ್ನೋಕಾಗಲ್ಲ. ಬೇಣದ ನೆತ್ತಿಯನ್ನ ಜೆಸಿಬಿಯಿಂದ ಸಮತಟ್ಟು ಮಾಡೋದು, ನಾಲ್ಕು ಕಾಟೇಜು, ಮುಂದೆ ಹುಲ್ಲುಹಾಸು, ಅಲ್ಲೀವರೆಗೆ ಕಾರು ಹತ್ತೋ ರಸ್ತೆ. ಸೂರ್ಯಾಸ್ತ ಕಾಣಬೇಕು ಅಷ್ಟೆ.

ನನ್ನ ಹೊಟ್ಟೆಯಲ್ಲಿ ಹೆದರಿಕೆ ಹುಟ್ಟಿದ್ದು 'ಸಮತಟ್ಟು' ಅನ್ನೋ ಪದಕ್ಕೆ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜಾರಿ ತೋಟ, ಮನೆ, ರಸ್ತೆ ಹಾಳಾಗಿದ್ದನ್ನ ನಮ್ಮ ಕಡೆಯವರು ಮರೆಯೋ ಹಾಗಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೇ ಗುಡ್ಡ ಬಂತು. ಗುಡ್ಡ ಒಂದೇ ಕಾರಣಕ್ಕೆ ಕುಸಿಯಲ್ಲ. ಮಳೆ, ಮಣ್ಣಿನ ಜಾತಿ, ಅಡಿಯ ಕಲ್ಲು, ನಾವು ಕಡಿದ ಧರೆ ಎಲ್ಲ ಸೇರಿಕೊಳ್ಳುತ್ತವೆ. ಆದರೆ ಬುಡ ಕಡಿದು ತಲೆಗೆ ಭಾರ ಹೇರಿದರೆ ಯಾವ ಗುಡ್ಡಕ್ಕೂ ಒಳ್ಳೇದಾಗಲ್ಲ. ಬೇಣದ ಕೆಳಗೆ ಇರೋದು ಬರೀ ನಮ್ಮ ತೋಟ ಅಲ್ಲ. ಪಕ್ಕದ ಮನೆಯವರದ್ದೂ ಇದೆ. ಅವರನ್ನ ಯಾರೂ ಕೇಳಿರಲಿಲ್ಲ.

ಗೆಳತಿಯನ್ನ ಕರಕೊಂಡು ಬರ್ತೇನೆ, ಅಲ್ಲೀವರೆಗೆ ಜೆಸಿಬಿ ನಿಲ್ಸು ಅಂದಾಗ ಭಾವ ನಕ್ಕ. "ಹೂಗಿನ ಗಿಡ ನೆಡಲೆ ಬೆಂಗಳೂರಿಂದ ಜನ ಎಂತಕ್ಕೆ ಭಾವಾ? ಆಯಿ ಇಲ್ಯಾ?"

ಜುಲೈನಲ್ಲೇ ಹೋದೆವು. ಎರಡು ದಿನ ಅವಳು ಒಂದು ಗಿಡದ ಹೆಸರೂ ಎತ್ತಲಿಲ್ಲ. ಕೊಡೆ ಹಿಡಿದು ಮಾವನ ಹಿಂದೆ ಸುತ್ತಿದಳು. ಆಷಾಢದಲ್ಲಿ ನೀರು ಯಾವ ಕಡೆಯಿಂದ ಇಳೀತದೆ? ಒರತೆ ಎಲ್ಲೆಲ್ಲಿ ಏಳ್ತದೆ? ಏಪ್ರಿಲ್‌ನಲ್ಲಿ ಬಾವಿ ನೀರು ಎಷ್ಟು ಕೆಳಗೆ ಹೋಗ್ತದೆ? ಹಳೇ ಧರೆ ಯಾವಾಗಾದ್ರೂ ಜರಿದಿದ್ದಿದೆಯಾ? ಮಾವನಿಗೆ ಎಪ್ಪತ್ತೈದು ದಾಟಿದೆ. ಇಷ್ಟು ವರ್ಷದಲ್ಲಿ ಈ ಪ್ರಶ್ನೆಗಳನ್ನ ಹೊರಗಿನವರು ಯಾರೂ ಕೇಳಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅತ್ತೆಗೆ ಹೇಳಿದ್ದು ಕೇಳಿಸಿತು: "ಕೂಸು ಹುಷಾರಿದ್ದು. ಮೊದ್ಲು ನೀರು ಕೇಳ್ಚು."

ಮಾರನೇ ದಿನ ಮಾವ ಅವಳನ್ನ ತೋಟಕ್ಕೆ ಇಳಿಸಿದರು. ನಾನು ಹುಟ್ಟಿದಾಗಿಂದ ನೋಡಿದ ಜಾಗವನ್ನ ಅವಳು ಬೇರೆ ಥರ ಓದಿದಳು. ಅಡಿಕೆ ಮರದ ಕಾಂಡಕ್ಕೆ ನೈಋತ್ಯದ ಬಿಸಿಲು ಬಡಿದರೆ ಸೀಳತ್ತೆ. ಅದಕ್ಕೇ ತೋಟಗಳು ಇಕ್ಕಟ್ಟಾದ ಕಣಿವೆಯಲ್ಲಿ ಕೂತಿವೆ, ಪಡುವಣ ಅಂಚಿನಲ್ಲಿ ದೊಡ್ಡ ಮರ ಉಳಿಸಿದ್ದಾರೆ. ಒಂಬತ್ತು ಅಡಿಗೊಂದು ಮರ, ಸಾಲುಗಳ ನಡುವೆ ಬಸಿಗಾಲುವೆ, ಕಾಲುವೆಯೆಲ್ಲ ಸೇರೋದು ಹಳ್ಳಕ್ಕೆ. ಮೇಲೆ ಅಡಿಕೆ, ಅದಕ್ಕೆ ಹಬ್ಬಿದ ಕಾಳುಮೆಣಸು, ನಡುವೆ ಬಾಳೆ, ಕೆಳಗೆ ಏಲಕ್ಕಿ. ಮೇಲಿನ ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದು ಈ ಕಾರಣಕ್ಕೆ. 1801ರಲ್ಲಿ ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕನನ್ ಸೋಂದಾ ಸೀಮೆಯ ಅಡಿಕೆ-ಮೆಣಸಿನ ತೋಟಗಳ ಬಗ್ಗೆ ಬರೆದಿಟ್ಟಿದ್ದಾನೆ. "ಇದರ ಡ್ರಾಯಿಂಗ್ ಯಾರ ಹತ್ರನೂ ಇಲ್ಲ ಅಲ್ವಾ?" ಅಂದಳು. ಇಲ್ಲ. ಕೈಯಿಂದ ಕೈಗೆ ಬಂದದ್ದು.

ಹಾಗಂತ ಹಿರಿಯರಿಗೆ ಎಲ್ಲ ಗೊತ್ತಿತ್ತು ಅನ್ನೋ ಪುರಾಣ ಬೇಡ. ಸೊಪ್ಪು ಕಡಿದೂ ಕಡಿದೂ ಬೋಳಾದ ಬೆಟ್ಟಗಳು ನಮ್ಮಲ್ಲೇ ಇವೆ. ಆದರೆ ಅವರ ಕೈಯಲ್ಲಿದ್ದದ್ದು ಗುದ್ದಲಿ. ಒಂದು ಮಳೆಗಾಲದಲ್ಲಿ ಮಾಡಬಹುದಾದ ತಪ್ಪು ಎರಡು ಕೈಯ ಶಕ್ತಿಯಷ್ಟೇ ದೊಡ್ಡದಿರುತ್ತಿತ್ತು. ಮುಂದಿನ ವರ್ಷ ತಿದ್ದಬಹುದಿತ್ತು. ಗುದ್ದಲಿಗೆ ಒಂದು ವರ್ಷ ಬೇಕಾದ ಕೆಲಸವನ್ನ ಜೆಸಿಬಿ ಎರಡು ದಿನದಲ್ಲಿ ಮುಗಿಸತ್ತೆ. ಕಡಿದ ಗುಡ್ಡವನ್ನ ಮತ್ತೆ ಅಂಟಿಸೋಕೆ ಬರಲ್ಲ. ಅದಕ್ಕೇ ಈಗ ರೂಢಿಯೊಂದೇ ಸಾಲದು, ಮೊದಲೇ ಲೆಕ್ಕ ಹಾಕುವವರು ಬೇಕು.

ಅವಳ ಲೆಕ್ಕದ ವಿಧಾನ ಸರಳ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಇಯನ್ ಮಕ್‌ಹಾರ್ಗ್ 1969ರ 'ಡಿಸೈನ್ ವಿತ್ ನೇಚರ್' ಪುಸ್ತಕದಲ್ಲಿ ಹೇಳಿದ್ದು: ಇಳಿಜಾರಿಗೆ ಒಂದು ನಕ್ಷೆ, ಮಣ್ಣಿಗೊಂದು, ನೀರಿಗೊಂದು, ಮರಗಳಿಗೊಂದು. ಎಲ್ಲವನ್ನೂ ಪಾರದರ್ಶಕ ಹಾಳೆಯಲ್ಲಿ ಬರೆದು ಒಂದರ ಮೇಲೊಂದು ಇಟ್ಟರೆ ಎಲ್ಲಿ ಕಟ್ಟಬಾರದು ಅನ್ನೋದು ತಾನಾಗೇ ಕಪ್ಪಾಗಿ ಕಾಣತ್ತೆ. ನಾವು ಇವತ್ತು ಕಂಪ್ಯೂಟರಿನಲ್ಲಿ ಲೇಯರ್ ಅಂತ ಕ್ಲಿಕ್ ಮಾಡೋದು ಇದನ್ನೇ. ಅರ್ಧ ಮೀಟರಿಗೊಂದು ಗೆರೆ ಬರುವ ಹಾಗೆ ಸರ್ವೆ ಮಾಡಿಸಿ, ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಪದರ ಹಾಕಿ ಭಾವನಿಗೆ ತೋರಿಸಿದಳು. ಬೇಣದ ನೆತ್ತಿ ಪೂರ್ತಿ ಕಪ್ಪು. ಬೆಳ್ಳಗೆ ಉಳಿದದ್ದು ಮನೆಯ ಪಕ್ಕ, ಹಳೇ ಕೊಟ್ಟಿಗೆ ಮತ್ತು ಅಡಿಕೆ ಒಣಗಿಸೋ ಅಂಗಳದ ಆಚೆಯ ಜಾಗ.

ಆಮೇಲೆ ಒಂದು ಗುಣಾಕಾರ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಕಡೆ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು. ನೂರು ಚದರ ಮೀಟರಿನ ಮಾಡು ಅಂದರೆ 2 ಲಕ್ಷ ಲೀಟರ್, ಅದೂ ಹೆಚ್ಚಿನದು ಮೂರು ನಾಲ್ಕು ತಿಂಗಳಲ್ಲಿ. "ಈ ನೀರನ್ನ ಎಲ್ಲಿ ಬಿಡ್ತೀರಿ ಅಣ್ಣಾ?" ಪೈಪ್ ಹಾಕಿ ಗುಡ್ಡದ ಆಚೆ ಬಿಡೋದು ಭಾವನ ಯೋಚನೆ. ಆಚೆ ಅಂದರೆ ಪಕ್ಕದ ಮನೆಯವರ ಧರೆ. ನಾನು ಇಂಗುಗುಂಡಿ ಅಂದೆ. "ಇಂಗುಗುಂಡಿ ಒಳ್ಳೇದೇ ಕಣೋ, ಜಾಗ ನೋಡಿ ತೋಡಬೇಕು. ಧರೆಯ ತಲೆ ಮೇಲೆ ತೋಡಿದ್ರೆ ಗುಡ್ಡದ ಹೊಟ್ಟೆಗೇ ನೀರು ಕುಡಿಸಿದ ಹಾಗೆ" ಅಂದಳು. ಕೊನೆಗೆ ಅವಳ ನಕ್ಷೆಯಲ್ಲಿ ಬಂದದ್ದು ಮೆಟ್ಟಿಲು ಮೆಟ್ಟಿಲಾಗಿ ಹಳ್ಳಕ್ಕೆ ಇಳಿಯೋ ಕಲ್ಲಿನ ಕಾಲುವೆ, ಇಳಿಜಾರಿಗೆ ಅಡ್ಡಡ್ಡ ಲಾವಂಚದ ಸಾಲು, ಹಳ್ಳದ ದಂಡೆಗೆ ಕೇದಗೆ. ಕಾಟೇಜು ನಾಲ್ಕಲ್ಲ, ಮೂರು. ನೆಲ ಕಡಿಯದೆ ಕಂಬದ ಮೇಲೆ. ಹುಲ್ಲುಹಾಸು ಇಲ್ಲ. ಮೇಲಿನ ರಸ್ತೆಯೂ ಇಲ್ಲ.

"ಒಂದೂ ಹೂಗಿನ ಗಿಡ ನೆಡದೇ ಫೀಸು!" ಅಂತ ಭಾವ ನನ್ನ ಹತ್ತಿರ ಒಂದು ವಾರ ಗೊಣಗಿದ. ನಮ್ಮ ಆಫೀಸಿನಲ್ಲೂ ಸಾವಿರ ಸಾಲು ಕೋಡ್ ಬರೆದವನಿಗೆ ಚಪ್ಪಾಳೆ, ಬೇಡದ ಸಾವಿರ ಸಾಲು ಅಳಿಸಿದವನಿಗೆ ಏನೂ ಇಲ್ಲ ಅಂದೆ. ಅದು ಅವನಿಗೆ ತಲುಪಲಿಲ್ಲ. ಜೆಸಿಬಿಯ ಗಂಟೆ ಬಾಡಿಗೆ, ರಸ್ತೆಗೆ ಬೇಕಿದ್ದ ಜಲ್ಲಿ, ಹುಲ್ಲಿಗೆ ಬೇಸಿಗೆಯಲ್ಲಿ ಬಿಡಬೇಕಿದ್ದ ನೀರು ಎಲ್ಲ ಕೂಡಿಸಿ ತೋರಿಸಿದ್ದು ತಲುಪಿತು.

ಎಲ್ಲ ಸುಖಾಂತ್ಯ ಅಂತ ಹೇಳೋಕಾಗಲ್ಲ. ಕಾಟೇಜಿನಿಂದ ಸೂರ್ಯಾಸ್ತ ಕಾಣಲ್ಲ, ಅಡಿಕೆ ಮರದ ತಲೆಗಳು ಕಾಣ್ತವೆ. ಫೋಟೊ ನೋಡಿ ಬುಕ್ ಮಾಡುವವರಿಗೆ ಅದು ಸಾಕಾಗತ್ತಾ ಅನ್ನೋ ಚಿಂತೆ ಭಾವನಿಗೆ ಇನ್ನೂ ಇದೆ. ಬ್ಯಾಂಕಿನ ಕಂತು ಕಾಯಲ್ಲ. ಕಾರು ಕೆಳಗೇ ನಿಲ್ಲಿಸಿ ಬ್ಯಾಗು ಹೊತ್ತು ಹತ್ತಬೇಕು ಅಂತ ಬಂದವರು ಗೊಣಗಿದ್ದಾರೆ. ಮೊದಲ ಮಳೆಗಾಲದಲ್ಲಿ ಮಾವ ದಿನಾ ಬೆಳಿಗ್ಗೆ ಸಂಕದ ಮೇಲೆ ನಿಂತು ಹಳ್ಳದ ನೀರಿನ ಬಣ್ಣ ನೋಡ್ತಿದ್ದರಂತೆ. ನೀರು ಕೆಂಪಾದರೆ ಮಣ್ಣು ಹೋಗ್ತಾ ಇದೆ ಅಂತ ಅರ್ಥ. ಒಂದು ವಾರ ಕೆಂಪಿತ್ತು, ಆಮೇಲೆ ತಿಳಿಯಾಯಿತು. ಒಂದು ಮಳೆಗಾಲ ಯಾವುದಕ್ಕೂ ಸಾಕ್ಷಿ ಅಲ್ಲ. ಆದರೂ ಪಕ್ಕದ ಮನೆಯವರು ಚೌತಿಗೆ ಬಂದು ಊಟ ಮಾಡಿ ಹೋದರು.

ಇದನ್ನ ಓದುತ್ತಿರುವ ನಿಮ್ಮಲ್ಲಿ ಕೆಲವರ ತಲೆಯಲ್ಲಾದರೂ ಶಿರಸಿಯಲ್ಲೋ ಯಲ್ಲಾಪುರದಲ್ಲೋ ಒಂದೆಕರೆ ಜಾಗ, ವೀಕೆಂಡಿಗೊಂದು ಮನೆ ಅನ್ನೋ ಕನಸಿದೆ. ಬರಲಿ, ಬೇಡ ಅನ್ನೋಕೆ ನಾನ್ಯಾರು? ಮನೆಯ ನಕ್ಷೆಗೆ ಮೊದಲು, ಜೆಸಿಬಿಗಂತೂ ಖಂಡಿತ ಮೊದಲು, ನೆಲ-ನೀರು ಓದಲು ಬರುವ ಒಬ್ಬರನ್ನ ಕರೆದು ತೋರಿಸಿ. ಅವರ ಫೀಸು ಕೊಡಿ. ಅಷ್ಟು ಕೈಯಲ್ಲಿ ಆಗದಿದ್ದರೆ ಡಿಸೆಂಬರಿನ ತಂಪಿನಲ್ಲಿ ಜಾಗ ನೋಡಿ ಅಡ್ವಾನ್ಸ್ ಕೊಡಬೇಡಿ. ಜುಲೈ ತಿಂಗಳಲ್ಲಿ, ಜೋರು ಮಳೆ ಹಿಡಿದ ದಿನ ಹೋಗಿ. ಆ ಊರಿನ ಅತಿ ಹಿರಿಯರೊಬ್ಬರನ್ನ ಜೊತೆಗೆ ಕರಕೊಂಡು, ಕೊಡೆ ಹಿಡಿದು, ಒಂದು ದಿನ ಪೂರ್ತಿ ಆ ಜಾಗದಲ್ಲಿ ನಿಲ್ಲಿ. ಇಂಬಳ ಕಚ್ಚತ್ತೆ, ಸುಣ್ಣ ತಗೊಂಡು ಹೋಗಿ.