ಗಂಟೆಗೊಂದು ವಿಮಾನ

ಬಡಗಿ ಬಾಗಿಲು ಕೂರಿಸುವುದನ್ನು ಪಕ್ಕದಲ್ಲಿ ಕೂತು ನೋಡಿದವರಿಗೆ ಗೊತ್ತು, ಕದ ಚೌಕಟ್ಟಿಗೆ ಒಂದೇ ಸಲಕ್ಕೆ ಒಗ್ಗುವುದಿಲ್ಲ. ಇಟ್ಟು ನೋಡುತ್ತಾನೆ, ಇಳಿಸಿ ಅಂಚಿಗೆ ತೋಪಡ ಹಾಕುತ್ತಾನೆ, ಮತ್ತೆ ಇಡುತ್ತಾನೆ. ಕೊನೆಗೆ ಕೂತಿತೆಂದರೆ ಕೂದಲೆಳೆಯಷ್ಟೂ ಸಂದು ಉಳಿಯದು. ಆದರೆ ಅದೇ ಕದವನ್ನು ಪಕ್ಕದ ಕೋಣೆಯ ಚೌಕಟ್ಟಿಗೆ ಹಿಡಿಯಿರಿ, ಒಲ್ಲೆ ಎನ್ನುತ್ತದೆ. ಎರಡನೆಯ ಮಹಾಯುದ್ಧದ ಹೊತ್ತಿಗೂ ಹೆಸರಾಂತ ಫಿರಂಗಿಗಳು, ವಿಮಾನದ ಎಂಜಿನ್ನುಗಳು ಎಷ್ಟೋ ಮಟ್ಟಿಗೆ ಹೀಗೇ ತಯಾರಾಗುತ್ತಿದ್ದವು. ಕೊನೆಯ ಹೊಂದಾಣಿಕೆ ನುರಿತ ಫಿಟ್ಟರನ ಕೈಯಲ್ಲಿ, ಅವನ ಅರದಲ್ಲಿ. ಕಾರು ಮಾಡುವವರು ಬಂದು ಆ ಅರವನ್ನು ಕೆಳಗಿಡಿಸಿದರು. ಯುದ್ಧ ಬಂತು, ಕಾರಿನ ಕಾರ್ಖಾನೆಗಳು ಟ್ಯಾಂಕು, ವಿಮಾನ ಮಾಡಿದವು ಎಂದು ಒಂದೇ ಉಸಿರಿಗೆ ಹೇಳಿಬಿಡುವ ಕಥೆಯಲ್ಲಿ ನನ್ನ ಮನಸ್ಸು ಹಿಡಿದು ನಿಲ್ಲಿಸುವುದು ಈ ಸಂಗತಿ.

ಮೆರ್ಲಿನ್ ಎಂಜಿನ್ನಿನ ಕಥೆ ಕೇಳಿ. ಸ್ಪಿಟ್‌ಫೈರ್, ಹರಿಕೇನ್ ಯುದ್ಧವಿಮಾನಗಳೆರಡೂ ಹಾರಿದ್ದು ರೋಲ್ಸ್-ರಾಯ್ಸ್‌ನ ಈ ಎಂಜಿನ್ನಿನಿಂದ. ಯುದ್ಧಕ್ಕೆ ಆ ಕಂಪನಿಯ ಡರ್ಬಿಯ ಕಾರ್ಖಾನೆಯ ಉತ್ಪಾದನೆ ಎಲ್ಲಿಗೂ ಸಾಲದಾಗಿ, ಬ್ರಿಟನ್ನಿನ ಫೋರ್ಡ್ ಕಂಪನಿಗೂ ಮ್ಯಾಂಚೆಸ್ಟರ್ ಬಳಿ ಅದನ್ನೇ ಮಾಡುವ ಕೆಲಸ ಒಪ್ಪಿಸಿದರು. ಫೋರ್ಡ್‌ನ ಎಂಜಿನಿಯರುಗಳು ನಕ್ಷೆಗಳನ್ನೆಲ್ಲ ನೋಡಿ, ಇವುಗಳ ಪ್ರಕಾರ ಮಾಡಲಾಗದು ಎಂದರು. ರೋಲ್ಸ್-ರಾಯ್ಸ್‌ನ ಸ್ಟಾನ್ಲಿ ಹುಕರ್ ಇದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಪಾಪ, ನಮ್ಮಷ್ಟು ಸೂಕ್ಷ್ಮ ಅಳತೆ ಇವರ ಕೈಲಾಗದು ಎಂದುಕೊಂಡರಂತೆ ಹುಕರ್. ಫೋರ್ಡ್‌ನವರ ತಕರಾರು ತದ್ವಿರುದ್ಧದ್ದು. ನಿಮ್ಮ ಅಳತೆಗಳು ತೀರ ಸಡಿಲ, ನಮ್ಮಲ್ಲಿ ಯಾವ ಭಾಗ ತೆಗೆದು ಯಾವುದಕ್ಕೆ ಹಾಕಿದರೂ ಸರಿಯಾಗಿ ಕೂರಬೇಕು ಎಂದರು. ಎಲ್ಲ ನಕ್ಷೆಗಳನ್ನೂ ಬಿಗಿ ಅಳತೆಗೆ ಹೊಸದಾಗಿ ಬರೆಸಿದರು. ಅದಕ್ಕೇ ಸುಮಾರು ಒಂದು ವರ್ಷ ಹಿಡಿಯಿತು. ಆಮೇಲೆ ಅಲ್ಲಿಂದ 30,000ಕ್ಕೂ ಹೆಚ್ಚು ಎಂಜಿನ್ನುಗಳು ಹೊರಬಂದವು.

ಹಾಗೆಂದು ಡರ್ಬಿಯ ಫಿಟ್ಟರುಗಳನ್ನು ಕಡಿಮೆ ಮಾಡಿ ಮಾತಾಡಲು ನನಗೆ ಮನಸ್ಸಿಲ್ಲ. ಕೈಬೆರಳಿನಲ್ಲೇ ಅಳತೆ ಇದ್ದ ಜನ ಅವರು. ಆದರೆ ಅಂಥ ಕೈ ಪಳಗಲು ವರ್ಷಗಟ್ಟಲೆ ಬೇಕು. ಯುದ್ಧ ಅಷ್ಟು ಕಾಯುತ್ತದೆಯೆ?

ಅಮೆರಿಕದಲ್ಲಿ ಇದೇ ಮೆರ್ಲಿನ್ ಮಾಡಿಕೊಡುವಂತೆ 1940ರಲ್ಲಿ ಹೆನ್ರಿ ಫೋರ್ಡ್ ಅವರನ್ನೂ ಕೇಳಿದ್ದರು. 9,000 ಎಂಜಿನ್ನುಗಳ ಬೇಡಿಕೆ, ಅದರಲ್ಲಿ 6,000 ಬ್ರಿಟನ್ನಿಗೆ. ಮಗ ಎಡ್ಸೆಲ್ ಒಪ್ಪಿದ ಮಾತನ್ನು ಅಪ್ಪ ಮುರಿದರು. ಬೇರೆ ದೇಶದ ಯುದ್ಧಕ್ಕೆ ಸಾಮಾನು ಮಾಡಿಕೊಡುವುದಿಲ್ಲ ಎಂಬುದು ಅವರ ಹಟ. ಕೆಲಸ ಪ್ಯಾಕರ್ಡ್ ಎಂಬ ದುಬಾರಿ ಕಾರಿನ ಕಂಪನಿಗೆ ಹೋಯಿತು. ಅವರೂ ಮೊದಲು ಕೂತದ್ದು ನಕ್ಷೆ ತಿದ್ದಲಿಕ್ಕೇ. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 55,000 ಮೆರ್ಲಿನ್ ಮಾಡಿದ್ದರು. ಮಸ್ಟ್ಯಾಂಗ್ ಯುದ್ಧವಿಮಾನಕ್ಕೆ ದೂರ ಹಾರುವ, ಎತ್ತರ ಏರುವ ಕಸುವು ಬಂದದ್ದು ಅವುಗಳಿಂದ.

1942ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಜನರಿಗೆ ಮಾರುವ ಕಾರಿನ ತಯಾರಿಕೆಯೇ ನಿಂತಿತು. ಜನರಲ್ ಮೋಟಾರ್ಸ್‌ನ ಅಧ್ಯಕ್ಷರಾಗಿದ್ದ ವಿಲಿಯಂ ನುಡ್‌ಸನ್ ಅಷ್ಟರಲ್ಲಾಗಲೇ ಕೆಲಸ ಬಿಟ್ಟು ಸರ್ಕಾರದ ಯುದ್ಧಸಾಮಗ್ರಿಯ ಹೊಣೆ ಹೊತ್ತಿದ್ದರು. ಡೆನ್ಮಾರ್ಕಿನಿಂದ ಇಪ್ಪತ್ತರ ಹರೆಯದಲ್ಲಿ ವಲಸೆ ಬಂದಿದ್ದ ಮನುಷ್ಯ. ಸೈನ್ಯದಲ್ಲಿ ಒಂದು ದಿನವೂ ಇರದ ಅವರನ್ನು ನೇರವಾಗಿ ಲೆಫ್ಟಿನೆಂಟ್ ಜನರಲ್ ಮಾಡಿದರು.

ಕಾರಿನ ಕಂಪನಿ ಕ್ರೈಸ್ಲರ್‌ನವರ ಪಾಲಿಗೆ ಬಂದ ಯುದ್ಧಸಾಮಗ್ರಿಗಳಲ್ಲಿ ಒಂದು ಸ್ವೀಡನ್ನಿನ ಬೋಫೋರ್ಸ್ ವಿಮಾನನಿರೋಧಕ ತೋಪು. ನಮಗೆ ಆಮೇಲೆ ಲಂಚದ ಹಗರಣದಿಂದ ಬಾಯಿಪಾಠವಾದ ಹೆಸರು ಅದು. ಅದರ ನಕ್ಷೆಗಳ ತುಂಬ ‘ಜೋಡಿಸುವಾಗ ಅರ ಹಾಕಿ ಕೂರಿಸಿ’, ‘ಜೋಡಿಸುವಾಗ ತೂತು ಕೊರೆಯಿರಿ’ ಎಂಬ ಅರ್ಥದ ಸೂಚನೆಗಳು! ಒಂದು ತೋಪಿಗೆ 450 ಗಂಟೆಗಳ ಆಳುದುಡಿಮೆ. ಕ್ರೈಸ್ಲರ್‌ನವರು ಅದನ್ನೂ ಹೊಸದಾಗಿ ಬಿಡಿಸಿಕೊಂಡರು. ಟ್ಯಾಂಕಿಗೆ ತಕ್ಕ ದೊಡ್ಡ ಎಂಜಿನ್ ಸಿಗದಿದ್ದಾಗ ಅದೇ ಜನ ಮಾಡಿದ ಉಪಾಯ ನೋಡಿ: ತಮ್ಮ ಕಾರಿನ ಆರು ಸಿಲಿಂಡರಿನ ಎಂಜಿನ್ ಐದನ್ನು ಸುತ್ತ ಜೋಡಿಸಿ, ಮೂವತ್ತು ಸಿಲಿಂಡರಿನ ಒಂದೇ ಎಂಜಿನ್ ಮಾಡಿದರು. ನೋಡಲು ವಿಚಿತ್ರ, ತೂಕವೂ ವಿಪರೀತ. ಆದರೂ 7,000ಕ್ಕೂ ಹೆಚ್ಚು ಶೆರ್ಮನ್ ಟ್ಯಾಂಕುಗಳನ್ನು ಅದು ಎಳೆಯಿತು, ಹೆಚ್ಚಿನವು ಬ್ರಿಟಿಷ್ ಸೈನ್ಯಕ್ಕೆ ಹೋದವು.

ಜೀಪಿನ ಮಾತು ಬಿಟ್ಟರೆ ಕೊಡಗಿನವರೂ ಮಲೆನಾಡಿನವರೂ ನನ್ನನ್ನು ಬಿಡಲಿಕ್ಕಿಲ್ಲ. ಮೊದಲ ಜೀಪು ಮಾಡಿಕೊಟ್ಟದ್ದು ಬ್ಯಾಂಟಮ್ ಎಂಬ ಪುಟ್ಟ ಕಂಪನಿ, ಅದೂ ನಲವತ್ತೊಂಬತ್ತು ದಿನಗಳ ಗಡುವಿನೊಳಗೆ. ಚಿಕ್ಕ ಕಂಪನಿ ಎಂಬ ಕಾರಣಕ್ಕೆ ದೊಡ್ಡ ಗುತ್ತಿಗೆ ವಿಲ್ಲಿಸ್‌ಗೂ ಫೋರ್ಡ್‌ಗೂ ಹೋಯಿತು. ಬ್ಯಾಂಟಮ್‌ಗೆ ಕಡೆಗೆ ಟ್ರೇಲರ್ ಮಾಡುವ ಕೆಲಸ. ಅದು ಅನ್ಯಾಯವೆಂದೇ ನನಗೆ ಇವತ್ತಿಗೂ ಅನಿಸುತ್ತದೆ. ವಿಲ್ಲಿಸ್ ಜೀಪಿನ ಪ್ರತಿ ಭಾಗವೂ ಫೋರ್ಡ್ ಜೀಪಿಗೆ ಹೊಂದಬೇಕು ಎಂಬುದು ಸೈನ್ಯದ ಷರತ್ತು. ಹೊಂದಿತು. ಆದರೂ ಫೋರ್ಡ್‌ನವರು ತಮ್ಮ ಬೋಲ್ಟಿನ ತಲೆಯ ಮೇಲೂ ಒಂದು ‘ಎಫ್’ ಅಕ್ಷರ ಒತ್ತಿಸಿದರು. 1947ರಿಂದ ಮಹೀಂದ್ರಾದವರು ಅದೇ ವಿಲ್ಲಿಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸತೊಡಗಿ, ಮುಂದೆ ಅವು ನಮ್ಮ ಕಾಫಿ ತೋಟಗಳ ಕೆಸರಿಗೆ ಇಳಿದವು.

ಇನ್ನು ವಿಲ್ಲೋ ರನ್. 1941ರ ಜನವರಿಯಲ್ಲಿ ಫೋರ್ಡ್‌ನ ಚಾರ್ಲ್ಸ್ ಸೊರೆನ್‌ಸನ್ ಸ್ಯಾನ್ ಡಿಯಾಗೋಗೆ ಹೋಗಿ, ಕನ್ಸಾಲಿಡೇಟೆಡ್ ಕಂಪನಿ ಬಿ-24 ಲಿಬರೇಟರ್ ಬಾಂಬರ್ ಮಾಡುವುದನ್ನು ನೋಡಿದರು. ಬಯಲಲ್ಲಿ, ಬಿಸಿಲಲ್ಲಿ ಜೋಡಣೆ ನಡೆದಿತ್ತು. ಕಬ್ಬಿಣದ ಚೌಕಟ್ಟು ಬಿಸಿಲಿಗೆ ಹಿಗ್ಗಿ, ಒಳಗೆ ಅಳೆದ ಭಾಗ ಹೊರಗೆ ಬಂದರೆ ಸರಿಹೊಂದುತ್ತಿರಲಿಲ್ಲ. ಆ ರಾತ್ರಿ ಹೋಟೆಲಿನಲ್ಲಿ ಕೂತು ಅವರು ಗಂಟೆಗೊಂದು ವಿಮಾನ ಹೊರಬರುವ ಕಾರ್ಖಾನೆಯ ನಕ್ಷೆ ಗೀಚಿದರು. ಮಿಷಿಗನ್ನಿನ ಡೆಟ್ರಾಯಿಟ್ ಬಳಿಯ ವಿಲ್ಲೋ ರನ್ ಎಂಬಲ್ಲಿ, ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್ ಅವರ ವಿನ್ಯಾಸದಂತೆ ಅದನ್ನು ಕಟ್ಟಿದರು.

ಶುರುವಿನಲ್ಲಿ ಅದು ಎಡವಿತು. ಕಾರಿನ ತಗಡು ಒತ್ತುವಂತೆ ಗಟ್ಟಿ ಉಕ್ಕಿನ ಡೈ ಮಾಡಿಸಿದರು. ಕಾರಿನ ಮಾದರಿ ವರ್ಷಕ್ಕೊಮ್ಮೆ ಬದಲಾದರೆ ಹೆಚ್ಚು. ಬಾಂಬರಿನದು ಯುದ್ಧಭೂಮಿಯಿಂದ ದೂರು ಬಂದಂತೆಲ್ಲ ಬದಲಾಗುತ್ತಿತ್ತು, ಪ್ರತಿ ಸಲವೂ ದುಬಾರಿ ಡೈ ಗುಜರಿಗೆ. ಕೆಲಸಗಾರರಿಗೆ ಹತ್ತಿರದಲ್ಲಿ ಮನೆಗಳಿಲ್ಲ; ಟೈರು, ಪೆಟ್ರೋಲಿಗೆ ರೇಷನ್ ಇದ್ದ ಕಾಲದಲ್ಲಿ ಡೆಟ್ರಾಯಿಟ್‌ನಿಂದ ದಿನಾ ಓಡಾಟ. 1942ರ ಕೊನೆಗೆ ಬೆರಳೆಣಿಕೆಯ ಡಜನ್ನುಗಳಷ್ಟೇ ವಿಮಾನ ತಯಾರಾಗಿದ್ದವು, ಜನ ಆಡಿಕೊಂಡರು. 1944ರಲ್ಲಿ ಮಾತ್ರ ಸೊರೆನ್‌ಸನ್ ಗೀಚಿದ್ದು ಅಕ್ಷರಶಃ ನಿಜವಾಯಿತು, ಗಂಟೆಗೊಂದು ವಿಮಾನ. ಬಿಡಿಭಾಗಗಳಾಗಿ ಕಳಿಸಿದ್ದೂ ಸೇರಿ ಒಟ್ಟು 8,600ಕ್ಕೂ ಹೆಚ್ಚು.

ಆ ಜೋಡಣೆಯ ಸಾಲಿನಲ್ಲಿ ನಿಂತವರು ಸಾವಿರಾರು ಹೆಂಗಸರು, ಅದಕ್ಕೂ ಮುಂಚೆ ಕಾರ್ಖಾನೆಯ ಬಾಗಿಲನ್ನೇ ನೋಡದವರು. ರಿವೆಟ್ ಹೊಡೆಯುವುದು ಇಬ್ಬರ ಕೆಲಸ. ಹೊರಗಿನಿಂದ ಒಬ್ಬಳು ಗನ್ ಒತ್ತಿ ಹೊಡೆದರೆ, ಒಳಗೆ ಇಕ್ಕಟ್ಟಿನಲ್ಲಿ ಕೂತವಳು ಕಬ್ಬಿಣದ ಗಟ್ಟಿಯನ್ನು ಎದುರಿಗೆ ಆನಿಸಿ ಹಿಡಿಯಬೇಕು. ಕೆಲವು ಬಗೆಯ ಅಲ್ಯೂಮಿನಿಯಮ್ ರಿವೆಟ್‌ಗಳನ್ನು ಕಾಯಿಸಿ ಹದಮಾಡಿ ಐಸ್ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಹೊರತೆಗೆದ ಮೇಲೆ ಹತ್ತಿಪ್ಪತ್ತು ನಿಮಿಷದೊಳಗೆ ಹೊಡೆಯದಿದ್ದರೆ ಗಟ್ಟಿಯಾಗಿ ಕೆಟ್ಟವು. ಒಬ್ಬರ ಮುಖ ಒಬ್ಬರಿಗೆ ಕಾಣದೆ, ಬರೀ ತಗಡಿನ ನಡುಕದಲ್ಲೇ ಮಾತಾಡಿಕೊಂಡು ದಿನವಿಡೀ ಈ ಕೆಲಸ. ಕೆಂಟಕಿಯಿಂದ ಬಂದಿದ್ದ ರೋಸ್ ವಿಲ್ ಮನ್ರೋ ಎಂಬಾಕೆಯೂ ಇಲ್ಲೇ ದುಡಿದರು. ಯುದ್ಧಸಾಲಕ್ಕಾಗಿ ತೆಗೆದ ಪ್ರಚಾರಚಿತ್ರದಲ್ಲಿ ಕಾಣಿಸಿಕೊಂಡು ‘ರೋಸಿ ದ ರಿವೆಟರ್’ ಎಂದೇ ಹೆಸರಾದರು.

ಇದನ್ನೆಲ್ಲ ಓದುವಾಗ ನನಗೆ ವಿಶ್ವೇಶ್ವರಯ್ಯನವರು ನೆನಪಾಗದೆ ಇರುವುದಿಲ್ಲ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯುರೋಪು ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿ ಬಂದು ಭಾರತಕ್ಕೊಂದು ಯೋಜನೆ ಬರೆದರು. ಬ್ರಿಟಿಷ್ ಸರ್ಕಾರ ಕೈ ಹಿಡಿಯಲಿಲ್ಲ. ಯುದ್ಧ ಬಂದಾಗ ಕಾರಿನ ಕಾರ್ಖಾನೆ ಇದ್ದ ದೇಶಗಳು ಅದನ್ನೇ ತಿರುಗಿಸಿಕೊಂಡವು. ನಮಗೆ ತಿರುಗಿಸಿಕೊಳ್ಳಲು ಏನೂ ಇರಲಿಲ್ಲ. ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ತೆರೆದಾಗ ಎಲ್ಲವನ್ನೂ ಬುಡದಿಂದ ಕಟ್ಟಬೇಕಾಯಿತು.

ಆ ಎಚ್‌ಎಎಲ್‌ಗೆ ಕೊನೆಗೆ ಲಿಬರೇಟರುಗಳೇ ಬಂದವು. ಯುದ್ಧ ಮುಗಿದ ಮೇಲೆ ಬ್ರಿಟಿಷ್ ವಾಯುಪಡೆ ತನ್ನ ಬಾಂಬರುಗಳನ್ನು ಕಾನ್ಪುರದಲ್ಲಿ ಸಾಲಾಗಿ ನಿಲ್ಲಿಸಿ, ಮತ್ತೆ ಯಾರೂ ಹಾರಿಸದಂತೆ ಬೇಕೆಂದೇ ಕೆಡಿಸಿ ಹೋಗಿತ್ತು. ಉಪಕರಣಗಳನ್ನು ಒಡೆದು, ಎಂಜಿನ್ನುಗಳಿಗೆ ಮರಳು ಹಾಕಿ. 1948ರಲ್ಲಿ ಬಾಂಬರು ಬೇಕೆಂದಾಗ ನಮ್ಮವರು ಆ ರಾಶಿಗೇ ಕೈ ಹಾಕಿದರು. ಅಲ್ಲೇ ಒಂದು ಪ್ರಯಾಣಕ್ಕೆ ಸಾಕಾಗುವಷ್ಟು ರಿಪೇರಿ ಮಾಡುವುದು, ಎಚ್‌ಎಎಲ್‌ನ ಪೈಲಟ್ ಜಮ್‌ಶೆಡ್ ಮುನ್ಷಿ ಅದನ್ನು ಬೆಂಗಳೂರಿಗೆ ಹಾರಿಸಿ ತರುವುದು, ಇಲ್ಲಿ ಪೂರ್ತಿ ಬಿಚ್ಚಿ ಕಟ್ಟುವುದು. ಹೀಗೆ ನಲವತ್ತರಷ್ಟು ವಿಮಾನಗಳಿಗೆ ಜೀವ ಬಂತು. ಭಾಗಗಳೆಲ್ಲ ಒಂದೇ ಅಳತೆಯಲ್ಲಿ ತಯಾರಾಗದೆ ಇದ್ದಿದ್ದರೆ ಇದು ಯಾರ ಕೈಲೂ ಆಗುತ್ತಿರಲಿಲ್ಲ. ಆದರೆ ಅಳತೆಯೊಂದರಿಂದಲೇ ಆಗುವ ಕೆಲಸವೂ ಅದಲ್ಲ, ಒಡೆದದ್ದನ್ನು ಕೂಡಿಸಲು ಬೆಂಗಳೂರಿನ ಫಿಟ್ಟರುಗಳ ಕೈ ಬೇಕಾಯಿತು. ಇದರ ಮೇಲೆ ಕನ್ನಡದಲ್ಲಿ ಒಂದು ದಪ್ಪ ಪುಸ್ತಕವೇ ಬರಬೇಕು ಎಂಬುದು ನನ್ನ ಆಸೆ.

ನಮ್ಮ ವಾಯುಪಡೆ ಅವುಗಳನ್ನು 1968ರವರೆಗೂ ಹಾರಿಸಿತು. ಬೇರೆ ದೇಶಗಳಲ್ಲಿ ಲಿಬರೇಟರುಗಳು ಬಹುಪಾಲು ಗುಜರಿಯಾಗಿ ಕರಗಿಹೋಗಿದ್ದವು. ಹಾಗಾಗಿ ಬ್ರಿಟನ್, ಅಮೆರಿಕ, ಕೆನಡಾಗಳ ವಸ್ತುಸಂಗ್ರಹಾಲಯಗಳು ಭಾರತದಿಂದಲೇ ಒಂದೊಂದನ್ನು ಪಡೆದುಕೊಂಡವು. ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಸಂಗ್ರಹಾಲಯಕ್ಕೆ ಹೋದದ್ದು ಫೋರ್ಡ್ ಕಂಪನಿ ವಿಲ್ಲೋ ರನ್‌ನಲ್ಲಿ ಮಾಡಿದ ವಿಮಾನ.